ಮನೆಪಾಠದಲ್ಲಿ ವಿಡಿಯೋ ಗೇಮ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಮೈಸೂರಿನವರು. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಿದ್ದೇವೆ. ಮಗಳಿಗೆ ಹದಿಮೂರು, ಮಗನಿಗೆ ಒಂಬತ್ತು. ಪಾಠದಲ್ಲಿ ವಿಡಿಯೋ ಗೇಮ್‌ಗೂ ಜಾಗ ಕೊಟ್ಟಿದ್ದೇವೆ ಅಂದ ತಕ್ಷಣ ಬೇರೆ ಅಪ್ಪ ಅಮ್ಮಂದಿರು ಒಂದಷ್ಟು ಪ್ರಶ್ನೆ ಕೇಳುತ್ತಾರೆ. ಹೆಚ್ಚುಕಮ್ಮಿ ಎಲ್ಲರೂ ಕೇಳುವುದು ಇವನ್ನೇ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮಕ್ಕಳು ಇಡೀ ದಿನ ಗೇಮ್ ಆಡ್ತಾನೇ ಇರ್ತಾರಾ?

ಇಲ್ಲ. ಬೆಳಗ್ಗೆ ಗಣಿತ, ಓದು, ಬರಹ ಎಲ್ಲ ಪುಸ್ತಕ ಇಟ್ಟುಕೊಂಡೇ ನಡೆಯುತ್ತದೆ. ಗೇಮ್ ಬರುವುದು ಮಧ್ಯಾಹ್ನ ಊಟ ಆದ ಮೇಲೆ, ಅದೂ ಪ್ರತಿದಿನ ಅಲ್ಲ.

ಅದು ನಡೆಯುವುದು ಹೀಗೆ. ಮಗು ಗೇಮ್‌ನಲ್ಲಿ ಏನೋ ಒಂದು ಮಾಡಲು ಹೊರಡುತ್ತದೆ. ಅದಕ್ಕೆ ಲೆಕ್ಕ ಬೇಕಾಗುತ್ತದೆ, ನಕ್ಷೆ ಬೇಕಾಗುತ್ತದೆ, ಎಲ್ಲೋ ಓದಿ ತಿಳಿದುಕೊಳ್ಳಬೇಕಾಗುತ್ತದೆ. ಹಾಗೆ ಬೇಕು ಅನ್ನಿಸಿದ ಗಳಿಗೆಯಲ್ಲಿ ದೊಡ್ಡವರೊಬ್ಬರು ಪಕ್ಕದಲ್ಲಿ ಇರಬೇಕು. ನನ್ನ ಮಟ್ಟಿಗೆ ಇಡೀ ವಿಷಯ ಇಷ್ಟೇ. ಗೇಮ್ ತಾನಾಗಿ ಪಾಠ ಮಾಡುವುದಿಲ್ಲ. ಪಕ್ಕದಲ್ಲಿ ಯಾರು ಕೂತಿದ್ದರು, ಕಂಪ್ಯೂಟರ್ ಆಫ್ ಆದ ಮೇಲೆ ಏನು ನಡೆಯಿತು, ಎಲ್ಲ ಇರುವುದು ಅದರಲ್ಲಿ. ಮುಂದೆ ಬರುವ ಹೆಚ್ಚಿನ ಉತ್ತರಗಳೂ ಸುತ್ತಿ ಬಳಸಿ ಇದೇ ಮಾತಿಗೆ ಬರುತ್ತವೆ.

ಶಾಲೆಗೆ ಕಳಿಸದೇ ಇರೋಕೆ ಕಾನೂನು ಬಿಡುತ್ತಾ? ಮುಂದೆ ಪರೀಕ್ಷೆ ಗತಿ ಏನು?

ಗೇಮ್ ವಿಷಯಕ್ಕಿಂತ ಮೊದಲು ಜನ ಕೇಳುವುದೇ ಇದನ್ನು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಅನ್ನುತ್ತದೆ. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತಲೂ ಅದರಲ್ಲಿದೆ. ಆದರೆ ಸೇರಿಸದಿದ್ದರೆ ಪೋಷಕರಿಗೆ ಇಂಥ ಶಿಕ್ಷೆ ಅಂತ ಇಲ್ಲ. ಮನೆಯಲ್ಲೇ ಕಲಿಸುವವರ ಬಗ್ಗೆ ಕಾಯ್ದೆ ಏನನ್ನೂ ಹೇಳುವುದಿಲ್ಲ. ಸಾವಿರಾರು ಕುಟುಂಬಗಳು ಈ ನಡುವಿನ ಜಾಗದಲ್ಲೇ ಇವೆ. ಇದನ್ನು ತಿಳಿದುಕೊಂಡೇ ಇಳಿಯಿರಿ.

ಪರೀಕ್ಷೆಗೆ ಎನ್‌ಐಒಎಸ್ ಇದೆ, ಅಂದರೆ ರಾಷ್ಟ್ರೀಯ ಮುಕ್ತ ಶಾಲೆ. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. 14 ವರ್ಷ ತುಂಬಿದರೆ ಹತ್ತನೇ ತರಗತಿ ಪರೀಕ್ಷೆಗೆ ಕಟ್ಟಬಹುದು. ಐದು ವಿಷಯ ಸಾಕು, ವರ್ಷಕ್ಕೆ ಎರಡು ಸಲ ಪರೀಕ್ಷೆ. ಎಲ್ಲವನ್ನೂ ಒಂದೇ ಸಲ ಬರೆಯಬೇಕು ಅಂತಿಲ್ಲ. ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಬಹುದು. ಹಣ ಹಾಕುವ ಶಕ್ತಿ ಇದ್ದವರು ಹತ್ತನೇ ತರಗತಿ ಮಟ್ಟದ್ದೇ ಆದ ಕೇಂಬ್ರಿಡ್ಜ್‌ನ ಐಜಿಸಿಎಸ್‌ಇ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸುತ್ತಾರೆ.

ಎಷ್ಟನೇ ವಯಸ್ಸಿಂದ ಶುರು ಮಾಡಬಹುದು?

ಆರರೊಳಗಿನ ಮಗುವಿಗೆ ಗೇಮ್ ಬೇಕಾಗಿಲ್ಲ ಅಂತಲೇ ನಾನು ಹೇಳುವುದು. ಮಣ್ಣು, ನೀರು, ಕತ್ತರಿ, ಕಾಗದ, ಅಡುಗೆಮನೆಯ ಡಬ್ಬಿಗಳು ಸಾಕು. ಭಾರತದ ಮಕ್ಕಳ ತಜ್ಞರ ಸಂಘ ಐಎಪಿ ಎರಡು ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ ಅನ್ನುತ್ತದೆ. ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ದಾಟಬಾರದು, ಐದರಿಂದ ಹತ್ತರವರೆಗೆ ಎರಡು ಗಂಟೆಯೊಳಗೆ ಇರಬೇಕು. ಟಿವಿ, ಅಮ್ಮನ ಮೊಬೈಲ್ ಎಲ್ಲ ಸೇರಿಸಿ ಈ ಲೆಕ್ಕ. ತುಂಬ ಜನ ಟಿವಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಓದಲು ಚೆನ್ನಾಗಿ ಬಂದ ಮೇಲೆ ಶುರು ಮಾಡಿದರೆ ಒಳ್ಳೆಯದು. ಓದು ಬಾರದ ಮಗು ಗೇಮ್‌ನಲ್ಲಿ ಬಣ್ಣ ನೋಡಿ ಒತ್ತುತ್ತದೆ ಅಷ್ಟೇ.

'ಎಜುಕೇಶನಲ್' ಅಂತ ಬರೆದಿರೋ ಆ್ಯಪ್‌ಗಳನ್ನೇ ಹಾಕಿದರೆ ಸುರಕ್ಷಿತ ಅಲ್ವಾ?

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಅಂಥ ಆ್ಯಪ್‌ಗಳಲ್ಲಿ ಹೆಚ್ಚಿನವು ಮಗ್ಗಿ ಪುಸ್ತಕಕ್ಕೆ ಪಟಾಕಿ ಕಟ್ಟಿದ ಹಾಗೆ. ಒಂದು ಲೆಕ್ಕ ಸರಿ ಮಾಡಿದರೆ ನಾಣ್ಯ, ಐದು ಮಾಡಿದರೆ ಗೊಂಬೆಗೆ ಹೊಸ ಟೋಪಿ. ಮಗುವಿನ ಕಣ್ಣು ಟೋಪಿ ಮೇಲೆ ಇರುತ್ತದೆ, ಲೆಕ್ಕ ನಡುವೆ ಬರುವ ಅಡ್ಡಿ ಆಗುತ್ತದೆ. ನಾಣ್ಯ ನಿಂತರೆ ಲೆಕ್ಕವೂ ನಿಲ್ಲುತ್ತದೆ.

ಪರೀಕ್ಷೆ ಮಾಡುವುದು ಸುಲಭ. ಗೇಮ್‌ನಿಂದ ಪಾಠವನ್ನು ತೆಗೆದರೆ ಗೇಮ್ ಉಳಿಯುತ್ತದಾ ಅಂತ ನೋಡಿ. ಪಾಠ ತೆಗೆದರೂ ಆಟ ಹಾಗೇ ನಡೆಯುತ್ತದೆ ಅಂದರೆ ಅಲ್ಲಿ ಪಾಠ ಮೇಲಿನಿಂದ ಅಂಟಿಸಿದ್ದು. ನಾರ್ವೆಯಲ್ಲಿ 2012ರ ಹೊತ್ತಿಗೆ ಬಂದ ಡ್ರ್ಯಾಗನ್‌ಬಾಕ್ಸ್ ಬೇರೆ ಥರ. ಅದರಲ್ಲಿ ಚಿತ್ರಗಳ ಕಾರ್ಡ್‌ಗಳನ್ನು ಎರಡೂ ಕಡೆಯಿಂದ ಸಮವಾಗಿ ತೆಗೆಯುತ್ತಾ ಹೋಗಬೇಕು. ಮೆಲ್ಲಗೆ ಚಿತ್ರದ ಜಾಗಕ್ಕೆ ಎಕ್ಸ್ ಬರುತ್ತದೆ, ಮಗು ಸಮೀಕರಣ ಬಿಡಿಸುತ್ತಿರುತ್ತದೆ. ಅಲ್ಲಿ ಆಟವೇ ಬೀಜಗಣಿತ, ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಹಾಗಿದ್ದರೂ ಅದೇ ಲೆಕ್ಕಗಳನ್ನು ಆಮೇಲೆ ಕಾಗದದ ಮೇಲೆ ಮಾಡಿಸಲೇಬೇಕು. ಬೆರಳಿನಲ್ಲಿ ಎಳೆದು ಗೊತ್ತಿರುವುದು ಪೆನ್ಸಿಲ್‌ಗೆ ತಾನಾಗಿ ಬರುವುದಿಲ್ಲ.

ಮೈನ್‌ಕ್ರಾಫ್ಟ್‌ನಲ್ಲಿ ನಿಜವಾಗಲೂ ಏನು ಕಲೀತಾರೆ? ಸುಮ್ನೆ ಇಟ್ಟಿಗೆ ಜೋಡಿಸೋದು ತಾನೆ?

ಮೈನ್‌ಕ್ರಾಫ್ಟ್ ಅಂದರೆ ಚೌಕದ ಬ್ಲಾಕ್‌ಗಳನ್ನು ಅಗೆದು, ಜೋಡಿಸಿ ಬೇಕಾದ್ದನ್ನು ಕಟ್ಟುವ ಗೇಮ್. ಸುಮ್ನೆ ಬಿಟ್ಟರೆ ಇಟ್ಟಿಗೆ ಜೋಡಿಸುವುದೇ. ಅದೇನೂ ಕೆಟ್ಟದ್ದಲ್ಲ. ಆದರೆ ನೀವು ಕೇಳಿದ್ದು ಪಾಠದ ಬಗ್ಗೆ.

ಮೊದಲು ಲೆಕ್ಕ. ಆ ಜಗತ್ತಿನಲ್ಲಿ ಕೆಲವು ಅಂಕಿಗಳು ಗಟ್ಟಿ. ಒಂದು ಜಾಗದಲ್ಲಿ 64 ವಸ್ತು ಹಿಡಿಯುತ್ತದೆ, ಒಂದು ಪೆಟ್ಟಿಗೆಯಲ್ಲಿ 27 ಜಾಗ, ಜೋಡಿ ಪೆಟ್ಟಿಗೆಯಲ್ಲಿ 54. ಕುಲುಮೆಯಲ್ಲಿ ಒಂದು ಕಲ್ಲಿದ್ದಲು ಎಂಟು ವಸ್ತು ಕರಗಿಸುತ್ತದೆ, ಒಂದೊಂದಕ್ಕೆ ಹತ್ತು ಸೆಕೆಂಡ್. ನಮ್ಮ ಮಗ ಜೋಡಿ ಪೆಟ್ಟಿಗೆ ತುಂಬ ಕಬ್ಬಿಣದ ಅದಿರು ಸೇರಿಸಿಟ್ಟಿದ್ದ. "ಇದನ್ನೆಲ್ಲ ಕರಗಿಸೋಕೆ ಎಷ್ಟು ಕಲ್ಲಿದ್ದಲು ಬೇಕು ಕಂದ?" ಅಂತ ಕೇಳಿದೆ. 54ನ್ನು 64ರಿಂದ ಗುಣಿಸಿದರೆ 3456, ಎಂಟರಿಂದ ಭಾಗಿಸಿದರೆ 432. ಅಲ್ಲಿಗೆ ನಿಲ್ಲಲಿಲ್ಲ. ಒಂದೇ ಕುಲುಮೆಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅವನೇ ಹಾಕಿಕೊಂಡು ಕೂತ. 34,560 ಸೆಕೆಂಡ್, ಅಂದರೆ 9 ಗಂಟೆ 36 ನಿಮಿಷ. "ಅಮ್ಮಾ, ಇನ್ನೂ ಏಳು ಕುಲುಮೆ ಬೇಕು" ಅಂದ. ಎಂಟು ಕುಲುಮೆಯಾದರೆ ಎಷ್ಟು ಅನ್ನುವುದು ಮುಂದಿನ ಭಾಗಾಕಾರ. ಪುಸ್ತಕದಲ್ಲಿ ಇದೇ ಲೆಕ್ಕ ಕೊಟ್ಟಿದ್ದರೆ ಅರ್ಧಕ್ಕೇ ಎದ್ದು ಹೋಗುತ್ತಿದ್ದ.

ಆಮೇಲೆ ಅಳತೆ. ತಿ. ನರಸೀಪುರದ ಹತ್ತಿರ ನಮ್ಮ ಮಾವನವರ ಹಳೇ ತೊಟ್ಟಿ ಮನೆ ಇದೆ. ಅದನ್ನು ಮೈನ್‌ಕ್ರಾಫ್ಟ್‌ನಲ್ಲಿ ಕಟ್ಟಬೇಕು ಅಂತ ಮಕ್ಕಳಿಬ್ಬರೂ ಹೊರಟರು. ಟೇಪು ಹಿಡಿದು ಅಳೆದರು, ಅವರ ತಾತ ಒಂದು ತುದಿ ಹಿಡಿದುಕೊಂಡರು. ಗೇಮ್‌ನಲ್ಲಿ ಒಂದು ಬ್ಲಾಕ್ ಅಂದರೆ ಒಂದು ಮೀಟರ್. ಮನೆಯ ಗೋಡೆ ಒಂದೂವರೆ ಅಡಿ ದಪ್ಪ. ಒಂದು ಬ್ಲಾಕ್ ಇಟ್ಟರೆ ಗೋಡೆ ಕೋಟೆ ಗೋಡೆ ಆಗಿಬಿಡುತ್ತದೆ. ಹಾಗಾಗಿ ಒಂದು ಬ್ಲಾಕ್ ಅಂದರೆ ಒಂದೂವರೆ ಅಡಿ ಅಂತ ಅಳತೆ ಬದಲಿಸಿದರು. 12 ಅಡಿಗೆ 9 ಅಡಿ ಇರುವ ತೊಟ್ಟಿ 8 ಬ್ಲಾಕ್‌ಗೆ 6 ಬ್ಲಾಕ್ ಆಯಿತು. ಎಲ್ಲ ಸರಿಯಾಗಿ ಕೂತಿತು, ಆದರೆ ಗೇಮ್‌ನ ಮನುಷ್ಯ ಎರಡು ಬ್ಲಾಕ್‌ಗಿಂತ ಸ್ವಲ್ಪ ಕಡಿಮೆ ಎತ್ತರ, ಅವನು ಈ ಮನೆಯೊಳಗೆ ಮೂರು ಅಡಿಯೂ ಇಲ್ಲದ ಮಗುವಿನಂತೆ ಓಡಾಡುತ್ತಾನೆ! ಪ್ರಮಾಣ ಅಂದರೆ ಏನು, ಒಂದನ್ನು ಬದಲಿಸಿದರೆ ಉಳಿದದ್ದೆಲ್ಲ ಯಾಕೆ ಬದಲಾಗಬೇಕು ಅಂತ ಮಗಳು ತಮ್ಮನಿಗೆ ವಿವರಿಸಿದ್ದು ಆವತ್ತೇ. ನಾಡಹೆಂಚಿನ ಮಾಡಿನ ಇಳಿಜಾರು ಇನ್ನೊಂದು ತಲೆನೋವು ಆಯಿತು. ಮೆಟ್ಟಿಲಿನ ಬ್ಲಾಕ್ ಜೋಡಿಸಿದರೆ 45 ಡಿಗ್ರಿ ಬರುತ್ತದೆ, ನಿಜವಾದ ಮಾಡು ಅಷ್ಟು ಕಡಿದಾಗಿಲ್ಲ. ಅರ್ಧ ಎತ್ತರದ ಬ್ಲಾಕ್ ಹಾಕಿ ಎರಡಕ್ಕೆ ಒಂದರಂತೆ ಇಳಿಸಿದರು.

ರೆಡ್‌ಸ್ಟೋನ್ ಅನ್ನುವುದು ಗೇಮ್‌ನ ಒಳಗಿನ ವಿದ್ಯುತ್ ಇದ್ದ ಹಾಗೆ. ಅದರ ಸಂಕೇತ 15 ಬ್ಲಾಕ್ ದೂರ ಹೋಗಿ ಸಾಯುತ್ತದೆ, ಮುಂದೆ ಕಳಿಸಲು ರಿಪೀಟರ್ ಬೇಕು. ಎರಡು ಸ್ವಿಚ್‌ನಲ್ಲಿ ಯಾವುದು ಒತ್ತಿದರೂ ಬಾಗಿಲು ತೆರೆಯಬೇಕು, ಎರಡೂ ಒತ್ತಿದರೆ ಮಾತ್ರ ತೆರೆಯಬೇಕು, ಹೀಗೆ ಕೆಲಸ ಕೊಡಿ. ಇವು ಎಲೆಕ್ಟ್ರಾನಿಕ್ಸ್‌ನ ಲಾಜಿಕ್ ಗೇಟ್‌ಗಳೇ.

ಗೇಮ್‌ನಲ್ಲಿರುವ ತಪ್ಪುಗಳನ್ನೂ ಪಾಠ ಮಾಡಿಕೊಳ್ಳಿ. ಮರದ ಕಾಂಡ ಕಡಿದರೆ ಕೊಂಬೆ ಗಾಳಿಯಲ್ಲೇ ನಿಲ್ಲುತ್ತದೆ. ಮರಳು ಬೀಳುತ್ತದೆ, ಕಲ್ಲು ಬೀಳುವುದಿಲ್ಲ. ಎರಡು ಬಕೆಟ್ ನೀರು ಸರಿಯಾಗಿ ಸುರಿದರೆ ಎಂದೂ ಬತ್ತದ ಕೊಳ ಸಿಗುತ್ತದೆ. ನಿಜ ಲೋಕದಲ್ಲಿ ಯಾಕೆ ಹಾಗಲ್ಲ ಅಂತ ಕೇಳಿ ನೋಡಿ.

ಇತಿಹಾಸಕ್ಕೆ ಯಾವ ಗೇಮ್? ಅದರಲ್ಲಿ ಇರೋದೆಲ್ಲ ನಿಜವಾ?

ನಾವು ಬಳಸುವುದು ಏಜ್ ಆಫ್ ಎಂಪೈರ್ಸ್ 2. 1999ರ ಗೇಮ್, 2019ರಲ್ಲಿ ಹೊಸ ರೂಪದಲ್ಲಿ ಬಂತು. 2022ರಲ್ಲಿ ಭಾರತದ ರಾಜವಂಶಗಳ ಮೇಲೆ ಒಂದು ಭಾಗ ಸೇರಿಸಿದರು. ಅದರಲ್ಲಿ ದ್ರಾವಿಡರು ಅಂತ ಒಂದು ಪಡೆ ಇದೆ, ರಾಜೇಂದ್ರ ಚೋಳನ ಕಥೆ ಆಡಬಹುದು. ಯುದ್ಧದ ಆಟ, ಆದ್ದರಿಂದ ಹತ್ತು ಹನ್ನೊಂದು ವರ್ಷದ ಮೇಲೆ ಸರಿ.

ಅದರಲ್ಲಿರುವುದೆಲ್ಲ ನಿಜವಲ್ಲ. ಪಾಠ ಹುಟ್ಟುವುದೇ ಅಲ್ಲಿಂದ. ಮಗಳು ರಾಜೇಂದ್ರನ ಕಡೆಯಿಂದ ಆಡುತ್ತಾ ಚಾಲುಕ್ಯರನ್ನು ಸೋಲಿಸಿ ಖುಷಿಪಟ್ಟಳು. ಆ ಚಾಲುಕ್ಯರು ಯಾರು ಅಂತ ಕೇಳಿದೆ. ಕಲ್ಯಾಣದ ಚಾಲುಕ್ಯರು, ನಮ್ಮವರೇ. ಚೋಳರ ಶಾಸನದಲ್ಲಿ ಮುಶಂಗಿ ಅನ್ನುವ ಜಾಗದಲ್ಲಿ ಚಾಲುಕ್ಯ ರಾಜ ಜಯಸಿಂಹನನ್ನು ಸೋಲಿಸಿದೆವು ಅಂತ ಬರುತ್ತದೆ. ಆ ಮುಶಂಗಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿ ಅಂತ ಹಲವು ಇತಿಹಾಸಕಾರರು ಗುರುತಿಸುತ್ತಾರೆ. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಸಿಕ್ಕಿತಲ್ಲ, ಅದೇ ಮಸ್ಕಿ. ಸರಿ, ಚೋಳರು ಗೆದ್ದೆವು ಅಂದರು. ಈ ಕಡೆಯವರು ಏನಂದರು? ಬಳ್ಳಿಗಾವೆಯ ಶಾಸನ ಜಯಸಿಂಹನನ್ನು ರಾಜೇಂದ್ರ ಚೋಳನೆಂಬ ಆನೆಗೆ ಸಿಂಹ ಅಂತ ಹೊಗಳುತ್ತದೆ. ಇಬ್ಬರೂ ತಾವೇ ದೊಡ್ಡವರು ಅನ್ನುತ್ತಾರೆ. ಯಾರನ್ನು ನಂಬುವುದು, ಯಾಕೆ, ಬೇರೆ ಯಾವ ಸಾಕ್ಷಿ ನೋಡಬೇಕು ಅಂತ ಊಟದ ಹೊತ್ತಿನವರೆಗೂ ಮಾತು ನಡೆಯಿತು. ಆಮೇಲೆ ಅವಳು ಅದೇ ಯುದ್ಧವನ್ನು ಜಯಸಿಂಹನ ಆಸ್ಥಾನದ ಲಿಪಿಕಾರ ಬರೆದ ಹಾಗೆ ಕನ್ನಡದಲ್ಲಿ ಬರೆದಳು. ಇಸವಿ ಬಾಯಿಪಾಠ ಮಾಡಿಸಿದ್ದರೆ ಇದು ಬರುತ್ತಿರಲಿಲ್ಲ.

ಯುದ್ಧ ಬೇಡ ಅನ್ನುವವರಿಗೆ ಅಸ್ಯಾಸಿನ್ಸ್ ಕ್ರೀಡ್‌ನ ಡಿಸ್ಕವರಿ ಟೂರ್ ಇದೆ. 2018ರಲ್ಲಿ ಪ್ರಾಚೀನ ಈಜಿಪ್ಟ್‌ನದು ಬಂತು. ಅದರಲ್ಲಿ ಹೊಡೆದಾಟ ಇಲ್ಲ, ಸುಮ್ನೆ ಊರು ಸುತ್ತಿಕೊಂಡು ನೋಡುವುದು. ಮೂಲ ಗೇಮ್ ಮಾತ್ರ ದೊಡ್ಡವರಿಗೆ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.

ವಿಜ್ಞಾನಕ್ಕೆ?

ಒಂದೇ ಒಂದು ಗೇಮ್ ಕೊಳ್ಳುತ್ತೀನಿ ಅಂದರೆ ಕರ್ಬಲ್ ಸ್ಪೇಸ್ ಪ್ರೋಗ್ರಾಂ ಕೊಳ್ಳಿ, ಹನ್ನೊಂದು ಹನ್ನೆರಡು ದಾಟಿದ ಮಕ್ಕಳಿಗೆ. ಮೊದಲನೆಯದನ್ನೇ ಕೊಳ್ಳಿ. ಎರಡನೆಯದರ ಕೆಲಸ ಅರ್ಧಕ್ಕೇ ನಿಂತಿದೆ. ರಾಕೆಟ್ ಜೋಡಿಸಬೇಕು, ಹಾರಿಸಬೇಕು, ಕಕ್ಷೆಗೆ ಸೇರಿಸಬೇಕು, ಆಗುವುದಾದರೆ ಚಂದ್ರನ ಮೇಲೆ ಇಳಿಸಬೇಕು. ಮೊದಲು ಎಲ್ಲ ಸಿಡಿಯುತ್ತದೆ. ಯಾಕೆ ಸಿಡಿಯಿತು ಅಂತ ಮಗು ತಾನೇ ಹುಡುಕುತ್ತದೆ.

2023ರ ಜುಲೈ 14ಕ್ಕೆ ಹೊರಟ ಚಂದ್ರಯಾನ-3 ಇಳಿದದ್ದು ಆಗಸ್ಟ್ 23ಕ್ಕೆ. ಅಮೆರಿಕದ ಅಪೊಲೊ ಮೂರು ನಾಲ್ಕು ದಿನದಲ್ಲಿ ಚಂದ್ರನ ಹತ್ತಿರ ಹೋಗಿತ್ತು, ನಮಗೆ ಯಾಕೆ ಇಷ್ಟು ದಿನ ಅಂತ ಆಗ ಮಕ್ಕಳೆಲ್ಲ ಕೇಳುತ್ತಿದ್ದರು. ಉತ್ತರ ಬಾಯಲ್ಲಿ ಹೇಳಬಹುದು: ನಮ್ಮ ರಾಕೆಟ್ ಚಿಕ್ಕದು, ಭೂಮಿಯ ಸುತ್ತ ಸುತ್ತುತ್ತಾ ಹತ್ತಿರಕ್ಕೆ ಬಂದಾಗಲೆಲ್ಲ ಎಂಜಿನ್ ಉರಿಸಿ ಕಕ್ಷೆಯನ್ನು ಉದ್ದ ಮಾಡುತ್ತಾ ಹೋದರು, ಇಂಧನ ಉಳಿಯಿತು. ಆದರೆ ಹತ್ತಿರದ ಬಿಂದುವಿನಲ್ಲಿ ಉರಿಸಿದರೆ ದೂರದ ಬಿಂದು ಯಾಕೆ ಮೇಲಕ್ಕೆ ಹೋಗುತ್ತದೆ? ಕರ್ಬಲ್‌ನಲ್ಲಿ ಅದನ್ನು ಮಾಡಿ ನೋಡಿದ ಮಗುವಿಗೆ ವಿವರಣೆ ಬೇಕಾಗುವುದಿಲ್ಲ. ಇನ್ನೊಂದು ಇದೆ. ಅದೇ ಕಕ್ಷೆಯಲ್ಲಿ ಮುಂದೆ ಹೋಗುತ್ತಿರುವ ನೌಕೆಯನ್ನು ಹಿಡಿಯಬೇಕಾದರೆ ಎಂಜಿನ್ ಜೋರು ಮಾಡಿದರೆ ಆಗುವುದಿಲ್ಲ, ಕಕ್ಷೆ ದೊಡ್ಡದಾಗಿ ಇನ್ನೂ ಹಿಂದೆ ಬೀಳುತ್ತೀರಿ. ವೇಗ ಇಳಿಸಿ ಕೆಳಗಿನ ಕಕ್ಷೆಗೆ ಬರಬೇಕು. ರಸ್ತೆಯಲ್ಲಿ ಸ್ಕೂಟರ್ ಓಡಿಸಿದ ನಮಗೆ ಇದು ನಂಬಲು ಕಷ್ಟ, ನನ್ನ ಮಗಳಿಗೆ ಮಾಮೂಲಿ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಆ ಗೇಮ್‌ನ ಭೂಮಿಯ ತ್ರಿಜ್ಯ 600 ಕಿ.ಮೀ., ನಮ್ಮ ಭೂಮಿಯದು 6371 ಕಿ.ಮೀ. ಅಲ್ಲಿನ ವೇಗಗಳನ್ನು ಹಾಗೇ ನಿಜ ಅಂತ ಹಿಡಿಯಬಾರದು. ನಿಯಮಗಳು ಸರಿ, ಅಂಕಿಗಳು ಬೇರೆ.

ಕನ್ನಡದ ಗತಿ ಏನು? ಗೇಮ್ ಎಲ್ಲ ಇಂಗ್ಲಿಷ್‌ನಲ್ಲೇ ಇರುತ್ತಲ್ಲ?

ಇದು ನನಗೂ ಮುಖ್ಯ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಆಡುವವರೇ ಸೇರಿ ಅನುವಾದ ಮಾಡಿದ್ದು. ಆದರೆ ಹೆಚ್ಚಿನ ಗೇಮ್‌ಗಳಲ್ಲಿ ಕನ್ನಡ ಸಿಗುವುದಿಲ್ಲ. ಹಾಗಾಗಿ ಕನ್ನಡ ಸ್ಕ್ರೀನ್‌ನ ಹೊರಗಿಂದ ಬರಬೇಕು. ಪಕ್ಕದಲ್ಲಿ ಕೂತು ಆಡುವ ಮಾತೆಲ್ಲ ಕನ್ನಡ. ಆಡಿದ ದಿನ ಅರ್ಧ ಪುಟ ಕನ್ನಡದಲ್ಲಿ ದಿನಚರಿ. ಸಂಜೆ ಅಜ್ಜಿಗೆ ಫೋನ್ ಮಾಡಿ ಇವತ್ತು ಏನು ಕಟ್ಟಿದೆ ಅಂತ ಹೇಳಬೇಕು, ಅಜ್ಜಿಗೆ ಗೇಮ್‌ನ ಗಂಧ ಗಾಳಿ ಇಲ್ಲ, ಅವರಿಗೆ ಅರ್ಥ ಆಗುವ ಹಾಗೆ ಹೇಳುವಷ್ಟರಲ್ಲಿ ಭಾಷೆ ತಾನಾಗಿ ಬೆಳೆಯುತ್ತದೆ. ಅಮೆರಿಕದಲ್ಲಿರುವ ನನ್ನ ತಂಗಿ ಮನೆಯ ಮಕ್ಕಳು ನಮ್ಮ ಮಕ್ಕಳ ಜೊತೆ ಒಂದೇ ಲೋಕದಲ್ಲಿ ವಾರಕ್ಕೊಮ್ಮೆ ಕಟ್ಟುತ್ತಾರೆ. ಷರತ್ತು ಒಂದೇ, ಮಾತು ಕನ್ನಡದಲ್ಲಿ. ಅವರ ಕನ್ನಡ ಸುಧಾರಿಸಿದೆ ಅಂತ ತಂಗಿಯೇ ಹೇಳುತ್ತಾಳೆ.

ನಮ್ಮ ಹತ್ತಿರ ದೊಡ್ಡ ಕಂಪ್ಯೂಟರ್ ಇಲ್ಲ. ಮೊಬೈಲ್‌ನಲ್ಲೇ ಆಗಲ್ವಾ?

ಆಗುತ್ತದೆ, ಆದರೆ ನಾನು ಬೇಡ ಅನ್ನುತ್ತೇನೆ. ಮೊಬೈಲ್‌ನಲ್ಲಿ ಗೇಮ್ ಪಕ್ಕದಲ್ಲೇ ರೀಲ್ಸ್, ಜಾಹೀರಾತು, ವಾಟ್ಸಾಪ್ ಎಲ್ಲ ಇರುತ್ತದೆ. ಮಗು ಮೂಲೆಯಲ್ಲಿ ಒಬ್ಬನೇ ಕೂರುತ್ತದೆ, ಪಕ್ಕದಲ್ಲಿ ಕೂತು ನೋಡಲು ಜಾಗವೇ ಇರುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಿಗುತ್ತದೆ. ಅಥವಾ ನೆಂಟರ ಮನೆಯ ಅಟ್ಟದಲ್ಲಿ ಒಂದು ಹಳೆಯದು ಇದ್ದೇ ಇರುತ್ತದೆ, ಕೇಳಿ.

ಹಳೆಯದರಲ್ಲೂ ಓಡುವ, ದುಡ್ಡು ಕೊಡಬೇಕಿಲ್ಲದ ಗೇಮ್‌ಗಳು ಬೇಕಾದಷ್ಟಿವೆ. ಲುವಾಂಟಿ, ಮೊದಲು ಮೈನ್‌ಟೆಸ್ಟ್ ಅಂತಿತ್ತು, ಮೈನ್‌ಕ್ರಾಫ್ಟ್ ಥರದ್ದೇ, ಪೂರ್ತಿ ಉಚಿತ. ಚಿಕ್ಕ ಮಕ್ಕಳಿಗೆ ಜಿಕಾಂಪ್ರಿ, ಟಕ್ಸ್ ಮ್ಯಾಥ್. ಚೆಸ್‌ಗೆ ಲಿಚೆಸ್, ಅದರಲ್ಲಿ ಜಾಹೀರಾತೂ ಇಲ್ಲ. ದುಡ್ಡು ಕೊಟ್ಟು ಕೊಳ್ಳುವ ಗೇಮ್‌ಗಳನ್ನು ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ರಿಯಾಯಿತಿ ಬಂದಾಗ ತೆಗೆದುಕೊಳ್ಳಿ, ಆತುರ ಬೇಡ. ವರ್ಷಕ್ಕೆ ಎರಡು ಗೇಮ್ ಸಾಕು. ಇಪ್ಪತ್ತು ಗೇಮ್ ಇರುವ ಮಗು ಯಾವುದರಲ್ಲೂ ಆಳಕ್ಕೆ ಹೋಗುವುದಿಲ್ಲ.

ನಿಲ್ಲಿಸು ಅಂದ್ರೆ ರಂಪ ಮಾಡ್ತಾನೆ. ಏನು ಮಾಡೋದು?

ಹೊತ್ತನ್ನು ಗಡಿಯಾರದಿಂದ ಮಾತ್ರ ಕತ್ತರಿಸಬೇಡಿ. ಗೇಮ್‌ಗೆ ಅದರದ್ದೇ ನಿಲ್ದಾಣಗಳಿವೆ. ಮೈನ್‌ಕ್ರಾಫ್ಟ್‌ನ ಒಂದು ದಿನ 20 ನಿಮಿಷ. "ಇನ್ನು ಎರಡು ದಿನ ಆದ ಮೇಲೆ, ರಾತ್ರಿ ಮಲಗಿಸಿ ಬಾ" ಅಂದರೆ ಅವನಿಗೂ ಒಪ್ಪಿಗೆ. ಸೇವ್ ಆಗದ ಆಟದ ನಡುವೆ ವೈರ್ ಕಿತ್ತರೆ ಯಾರಿಗಾದರೂ ಸಿಟ್ಟು ಬರುತ್ತದೆ. ಹತ್ತು ನಿಮಿಷ ಮೊದಲೇ ಪಕ್ಕ ಹೋಗಿ ಕೂತು, ಏನು ಮಾಡುತ್ತಿದ್ದಾನೆ ಅಂತ ಕೇಳಿ, ಆ ಮಾತಿನಲ್ಲೇ ಎಬ್ಬಿಸಿಕೊಂಡು ಬನ್ನಿ.

ಆದರೆ ಹೇಳಿದ ಹೊತ್ತು ಅಂದರೆ ಹೇಳಿದ ಹೊತ್ತೇ. ಅಪ್ಪ ಒಂದು, ಅಮ್ಮ ಒಂದು ಹೇಳಬಾರದು. ಗೇಮನ್ನು ಬಹುಮಾನವಾಗಿಯೂ ಶಿಕ್ಷೆಯಾಗಿಯೂ ಬಳಸಬೇಡಿ. ಲೆಕ್ಕ ಮುಗಿಸಿದರೆ ಗೇಮ್ ಅಂದ ಕೂಡಲೇ ಲೆಕ್ಕ ಕಷಾಯ, ಗೇಮ್ ಬೆಲ್ಲ ಅಂತ ನೀವೇ ಹೇಳಿಕೊಟ್ಟ ಹಾಗಾಯಿತು.

ಕಣ್ಣು ಹಾಳಾಗಲ್ವಾ?

ಸಂಜೆ ಹೊರಗೆ ಆಡಲು ಬಿಡಿ, ಅದು ಬಿಟ್ಟುಹೋಗಬಾರದು. ಮಕ್ಕಳು ಬಯಲು ಬೆಳಕಿನಲ್ಲಿ ಇದ್ದಷ್ಟೂ ದೂರದೃಷ್ಟಿ ಮಸುಕಾಗುವ ತೊಂದರೆ ಕಡಿಮೆ ಅಂತ ಕಣ್ಣಿನ ಡಾಕ್ಟರುಗಳು ಹೇಳುತ್ತಾರೆ. 20 ನಿಮಿಷಕ್ಕೊಮ್ಮೆ ಕಿಟಕಿಯಾಚೆ ದೂರ ನೋಡುವ ಅಭ್ಯಾಸ ಮಾಡಿಸಿ. ಮಲಗುವ ಮುಂಚೆ ಗೇಮ್ ಬೇಡ.

ಚಟ ಆಗಿಬಿಟ್ಟರೆ?

ಭಯ ಸಹಜ. ಜಾಸ್ತಿ ಆಡುವುದು ಬೇರೆ, ಕಾಯಿಲೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರಿಂದ ಜಾರಿಗೆ ಬಂತು, ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಅಂತ ಸೇರಿಸಿದ್ದಾರೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದದ್ದಕ್ಕಿಂತ ಆಟವೇ ದೊಡ್ಡದಾಗುವುದು, ತೊಂದರೆ ಆಗುತ್ತಿದೆ ಅಂತ ಗೊತ್ತಿದ್ದೂ ಬಿಡದೇ ಇರುವುದು, ಇದೆಲ್ಲ ಸಾಮಾನ್ಯವಾಗಿ ಒಂದು ವರ್ಷದ ಕಾಲ ಕಂಡರೆ ಆ ಹೆಸರು. ಅಲ್ಲಿಯವರೆಗೆ ಕಾಯಿರಿ ಅಂತ ನಾನು ಹೇಳುತ್ತಿಲ್ಲ. ನಿದ್ದೆ ಕೆಟ್ಟಿದೆ, ಊಟ ಬಿಟ್ಟಿದೆ, ಗೆಳೆಯರು ಬೇಡವಾಗಿದ್ದಾರೆ, ಸುಳ್ಳು ಹೇಳಿ ಆಡುತ್ತಿದೆ ಅನ್ನಿಸಿದರೆ ಗೇಮ್-ಪಾಠ ನಿಲ್ಲಿಸಿ, ಸಹಾಯ ಕೇಳಿ.

ಈ ವಿಷಯದಲ್ಲಿ ನಮ್ಮ ಕರ್ನಾಟಕದವರು ಪುಣ್ಯವಂತರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ, ಮೊಬೈಲ್, ಗೇಮ್, ಇಂಟರ್ನೆಟ್ ಹಿಡಿತ ತಪ್ಪಿದವರಿಗೆ ಅಂತಲೇ ಇರುವುದು. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಬಹುದು, ನಂಬರ್ 14416. ಉಚಿತ, ಕನ್ನಡದಲ್ಲಿ ಮಾತಾಡಬಹುದು. ಬೈದು, ಹೊಡೆದು, ಮೊಬೈಲ್ ಒಡೆದುಹಾಕಿ ಮಗುವನ್ನು ಇನ್ನಷ್ಟು ದೂರ ಮಾಡಿಕೊಳ್ಳಬೇಡಿ.

ಯಾವ ಗೇಮ್ ಬೇಡವೇ ಬೇಡ?

ದುಡ್ಡು ಪಣಕ್ಕಿಟ್ಟು ಆಡುವುದು ಯಾವುದೂ ಬೇಡ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಕಾಯ್ದೆ ಅಂಥವನ್ನು ನಿಷೇಧಿಸಿದೆ. ಒಳಗೆ ಏನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆಯನ್ನು ದುಡ್ಡಿಗೆ ಮಾರುವ ಗೇಮ್‌ಗಳೂ ಬೇಡ. ಬೆಲ್ಜಿಯಂ 2018ರಲ್ಲೇ ಅದನ್ನು ಜೂಜು ಅಂತ ಹೇಳಿತು, ನನಗೂ ಅದು ಜೂಜೇ. ಅಪರಿಚಿತರು ಮಗುವಿನ ಜೊತೆ ಮಾತಾಡಲು ಬಿಡುವ ಗೇಮ್‌ಗಳಲ್ಲಿ ಚಾಟ್ ಮುಚ್ಚಿ, ಮುಚ್ಚಲು ಆಗದಿದ್ದರೆ ಗೇಮನ್ನೇ ತೆಗೆಯಿರಿ. ದಿನಾ ಬಂದು ಹಾಜರಿ ಹಾಕದಿದ್ದರೆ ಏನೋ ಕಳೆದುಕೊಳ್ಳುತ್ತೀಯ ಅಂತ ಹೆದರಿಸುವ ಗೇಮ್‌ಗಳೂ ನಮ್ಮ ಮನೆಗೆ ಬರುವುದಿಲ್ಲ. ಕೊಳ್ಳುವ ಮುಂಚೆ ವಯಸ್ಸಿನ ಗುರುತು ನೋಡಿ. ಪ್ಲೇಸ್ಟೋರ್‌ನಲ್ಲಿ 3, 7, 12, 16 ಅಂತ ಹಾಕಿರುತ್ತಾರೆ.

ನನಗೆ ಗೇಮ್ ಆಡೋಕೇ ಬರಲ್ಲ. ನಾನು ಹೇಗೆ ಕಲಿಸಲಿ?

ಒಳ್ಳೆಯದಾಯಿತು. ಮಗು ನಿಮಗೆ ಹೇಳಿಕೊಡಲಿ. ಗೊತ್ತಿಲ್ಲದವರಿಗೆ ಹೇಳಿಕೊಡುವುದಕ್ಕಿಂತ ದೊಡ್ಡ ಕಲಿಕೆ ಇಲ್ಲ. ನಿಮ್ಮ ಕೆಲಸ ಪ್ರಶ್ನೆ ಕೇಳುವುದು: ಇದು ಯಾಕೆ ಹೀಗಾಯಿತು, ಇನ್ನೊಂದು ದಾರಿ ಇದೆಯಾ, ನಾಳೆ ಏನು ಮಾಡುತ್ತೀಯ. ಕಾಫಿ ಲೋಟ ಹಿಡಿದು ಹತ್ತು ನಿಮಿಷ ಪಕ್ಕದಲ್ಲಿ ಕೂರುವುದು ಸಾಕು, ಆದರೆ ಆ ಹತ್ತು ನಿಮಿಷ ನಿಮ್ಮ ಮೊಬೈಲ್ ದೂರ ಇರಲಿ.

ಅಜ್ಜಿ ತಾತ ಬೈತಾರೆ. ಅವರಿಗೆ ಏನು ಹೇಳೋದು?

ವಾದ ಮಾಡಬೇಡಿ. ಅವರನ್ನು ಆಟಕ್ಕೆ ಸೇರಿಸಿಕೊಳ್ಳಿ. ಆಟ ಆಡಿ ಬುದ್ಧಿ ಬೆಳೆಸುವುದು ನಮ್ಮೂರಿಗೆ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆ ಆಟಗಳ ಬಗ್ಗೆ ಬರೆಸಿದರು, ಹೊಸ ಆಟ ಕಟ್ಟಿದರು. ಚದುರಂಗದ ಕುದುರೆ 64 ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರುವ ಲೆಕ್ಕವನ್ನು ಬಿಡಿಸಿದರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಕಾಲದ ಆಟಗಳ ಚಿತ್ರ ಇವೆ. ನಮ್ಮ ಅತ್ತೆಗೆ ಇದನ್ನು ಹೇಳಿದ ಮೇಲೆ ಅವರು ಅಟ್ಟದಿಂದ ಅಳಗುಳಿಮಣೆ ಇಳಿಸಿದರು.

ಮುಂದೆ ಆದದ್ದು ನಾವು ಯಾರೂ ಅಂದುಕೊಂಡಿರಲಿಲ್ಲ. ಮಗಳು ಆ ಆಟವನ್ನು ಸ್ಕ್ರ್ಯಾಚ್‌ನಲ್ಲಿ ಮಾಡಲು ಕೂತಳು. ಸ್ಕ್ರ್ಯಾಚ್ ಅಂದರೆ ಅಮೆರಿಕದ ಎಂಐಟಿ 2007ರಲ್ಲಿ ಬಿಟ್ಟ ಉಚಿತ ಪ್ರೋಗ್ರಾಮಿಂಗ್ ಸಾಧನ. ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯಬಹುದು. 14 ಗುಳಿಗೆ 14 ಮನೆಯ ಪಟ್ಟಿ. ಕಾಳು ಹಂಚುತ್ತಾ ಹೋಗುವಾಗ 14ನೇ ಗುಳಿ ಆದ ಮೇಲೆ ಮತ್ತೆ ಒಂದಕ್ಕೆ ಬರಬೇಕು. ಅವಳ ಪ್ರೋಗ್ರಾಂ 15ನೇ ಗುಳಿ ಹುಡುಕಿಕೊಂಡು ಹೋಗಿ ಕಾಳುಗಳು ಮಾಯ ಆಗುತ್ತಿದ್ದವು. 14ರಿಂದ ಭಾಗಿಸಿ ಉಳಿದ ಶೇಷ ಹಿಡಿಯಬೇಕು ಅಂತ ಹೊಳೆದಾಗ ಕುರ್ಚಿ ಬಿಟ್ಟು ಎದ್ದೇ ನಿಂತಳು. ಆಟದ ನಿಯಮಕ್ಕೆ ದಿನಾ ಅಜ್ಜಿಯ ಹತ್ತಿರ ಹೋಗಬೇಕಿತ್ತು, ಯಾಕೆಂದರೆ ಅಳಗುಳಿಮಣೆಯ ನಿಯಮ ಮನೆಯಿಂದ ಮನೆಗೆ ಬೇರೆ. "ಕೊನೇ ಕಾಳು ಹಾಕಿದ ಮೇಲೆ ಮುಂದಿನ ಗುಳಿ ಖಾಲಿ ಇದ್ದರೆ ಏನಾಗುತ್ತೆ ಅಜ್ಜಿ? ಅದರ ಮುಂದಿನದೂ ಖಾಲಿ ಇದ್ದರೆ?" ಅತ್ತೆ ಇಷ್ಟು ವರ್ಷ ಕೈಯಲ್ಲಿ ಆಡಿದ್ದನ್ನು ಒಂದೊಂದಾಗಿ ಬಾಯಲ್ಲಿ ಹೇಳಬೇಕಾಯಿತು. ಈಗ ಅವರು ಗೇಮ್ ಬಗ್ಗೆ ಬೈಯುವುದಿಲ್ಲ, ಕಂಪ್ಯೂಟರ್ ಮೋಸ ಮಾಡುತ್ತದೆ ಅಂತ ಬೈಯುತ್ತಾರೆ.

ಗೇಮ್‌ನಿಂದ ಬಾರದೇ ಇರೋದು ಏನು?

ಬಹಳ ಇದೆ. ಕೈಬರಹ ಬರುವುದಿಲ್ಲ. ಉದ್ದದ ಪುಸ್ತಕ ಓದುವ ತಾಳ್ಮೆ ಬರುವುದಿಲ್ಲ. ಬೀಜ ಹಾಕಿ ವಾರಗಟ್ಟಲೆ ಕಾಯುವುದು, ಸ್ಕ್ರೂ ತಿರುಗಿಸುವುದು, ಜಗಳ ಆಡಿದ ಗೆಳೆಯನ ಜೊತೆ ರಾಜಿ ಆಗುವುದು, ಈಜು, ಸಂಗೀತ ಯಾವುದೂ ಬರುವುದಿಲ್ಲ. ಮಗ್ಗಿಯನ್ನೂ ಬಾಯಿಪಾಠವೇ ಮಾಡಬೇಕು. ನಮ್ಮ ವಾರದಲ್ಲಿ ಇವಕ್ಕೆಲ್ಲ ಗೇಮ್‌ಗಿಂತ ಜಾಸ್ತಿ ಹೊತ್ತು ಇದೆ.

ಕಲಿತದ್ದಕ್ಕೆ ದಾಖಲೆ ಹೇಗೆ ಇಡೋದು?

ಒಂದು ದಪ್ಪ ನೋಟ್‌ಬುಕ್. ಎಡಗಡೆ ಪುಟದಲ್ಲಿ ಮಗು ಬರೆಯುತ್ತದೆ, ಲೆಕ್ಕ ಹಾಕುತ್ತದೆ, ಚಿತ್ರ ಬಿಡಿಸುತ್ತದೆ. ಬಲಗಡೆ ನಾನು ಯಾವ ವಿಷಯ, ಯಾವ ತರಗತಿಯ ಪಾಠಕ್ಕೆ ಹೊಂದುತ್ತದೆ ಅಂತ ಗುರುತು ಹಾಕುತ್ತೇನೆ. ರಾಜ್ಯ ಪಠ್ಯಪುಸ್ತಕಗಳ ಪಿಡಿಎಫ್ ಉಚಿತವಾಗಿ ಸಿಗುತ್ತದೆ, ಪಕ್ಕದಲ್ಲಿಟ್ಟುಕೊಂಡರೆ ಯಾವುದು ಬಿಟ್ಟುಹೋಗಿದೆ ಅಂತ ಗೊತ್ತಾಗುತ್ತದೆ. ಬಿಟ್ಟುಹೋದದ್ದನ್ನು ಬೆಳಗಿನ ಪಾಠದಲ್ಲಿ ಪುಸ್ತಕದಿಂದಲೇ ಮಾಡಿಸುತ್ತೇನೆ.

ಸರಿ, ಶುರು ಎಲ್ಲಿಂದ?

ಮಗು ಈಗಾಗಲೇ ಯಾವ ಗೇಮ್ ಆಡುತ್ತಿದೆಯೋ ಅಲ್ಲಿಂದ. ಹೊಸದು ಏನೂ ಕೊಳ್ಳಬೇಡಿ. ಮೊದಲ ವಾರ ಪಾಠ ಗೀಠ ಏನೂ ಬೇಡ, ಪಕ್ಕದಲ್ಲಿ ಕೂತು ನೋಡಿ, ಹೇಳಿಕೊಡು ಅನ್ನಿ. ಎಲ್ಲಿ ಅಂಕಿ ಬರುತ್ತದೆ, ಎಲ್ಲಿ ನಕ್ಷೆ, ಎಲ್ಲಿ ಓದುವುದು ಇದೆ ಅಂತ ನಿಮ್ಮಷ್ಟಕ್ಕೆ ಬರೆದಿಟ್ಟುಕೊಳ್ಳಿ. ಎರಡನೇ ವಾರ ಅದರಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ಕಾಗದದ ಮೇಲೆ ತನ್ನಿ. ಕಂಪ್ಯೂಟರನ್ನು ಹಾಲ್‌ನಲ್ಲಿ, ಎಲ್ಲರೂ ಓಡಾಡುವ ಕಡೆ ಇಡಿ, ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿ.